ರಸಮಟ್ಟದ ಡೊಂಕು

ಕುಣಿಯಲಾರದವಳು ನೆಲ ಡೊಂಕೆಂದಳಂತೆ. ಈ ಗಾದೆಯನ್ನು ನಾವು ನೆಪ ಹೇಳುವವರ ಮೇಲೆ ಪ್ರಯೋಗಿಸಿ ನಕ್ಕು ಸುಮ್ಮನಾಗುತ್ತೇವೆ. ಆದರೆ ನೆಲ ನಿಜವಾಗಿಯೂ ಡೊಂಕಾಗಿದ್ದರೆ ಏನು ಗತಿ ಎಂದು ಯಾರೂ ಕೇಳುವುದಿಲ್ಲ. ನೆಲ ಡೊಂಕೋ ಹೆಜ್ಜೆ ಡೊಂಕೋ ಎಂಬುದನ್ನು ತೀರ್ಮಾನಿಸುವುದು ಹೇಗೆ? ತೀರ್ಮಾನಿಸುವವನ ಕಣ್ಣೇ ಡೊಂಕಾಗಿದ್ದರೆ? ಈ ಪ್ರಶ್ನೆಗಳನ್ನು ದಿನನಿತ್ಯ ಕೇಳಿಕೊಳ್ಳಲೇಬೇಕಾದ ಒಂದು ಕಸುಬಿದೆ. ಅದರ ಮೊದಲ ಪಾಠವೇ ನೆಲದ ಮೇಲೆ ಸಂಶಯಪಡುವುದು. ಪಂದ್ಯದ ಕಾರುಗಳ ಚಕ್ರಗಳು ಯಾವ ಯಾವ ಕೋನದಲ್ಲಿ ನಿಂತಿವೆ ಎಂದು ಅಳೆದು ಸರಿಪಡಿಸುವುದೇ ಆ ಕಸುಬು.

ಸಾಹಿತ್ಯದ ಪುಟದಲ್ಲಿ ಗ್ರೀಸಿನ ವಾಸನೆ ಏತಕ್ಕೆ ಎಂದು ವಾಚಕರು ಮೂಗು ಮುರಿಯಬಾರದು. ನಾನು ಪಂದ್ಯದ ಕಾರನ್ನು ಓಡಿಸಿದವನಲ್ಲ. ಓಡಿಸುವ ಧೈರ್ಯವೂ ನನಗಿಲ್ಲ. ಆದರೆ ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜೊಂದರ ವರ್ಕ್‌ಷಾಪಿನಲ್ಲಿ, ವಿದ್ಯಾರ್ಥಿಗಳು ತಾವೇ ಕಟ್ಟಿದ ಪುಟ್ಟ ಪಂದ್ಯದ ಕಾರನ್ನು ದಾರ, ತೂಗುಗುಂಡು, ರಸಮಟ್ಟ, ಉಕ್ಕಿನ ಸ್ಕೇಲು ಇವಿಷ್ಟನ್ನೇ ಇಟ್ಟುಕೊಂಡು ಅಳೆಯುವುದನ್ನು ಕೆಲವು ಸಂಜೆಗಳಲ್ಲಿ ಕುಳಿತು ನೋಡಿದ್ದೇನೆ. ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇಯಲ್ಲಿ ನಡೆಯುತ್ತ ಬಂದಿರುವ ಫಾರ್ಮುಲಾ ಭಾರತ್ ಸ್ಪರ್ಧೆಗೆ ಅವರ ಸಿದ್ಧತೆ. ಲಕ್ಷಗಟ್ಟಲೆ ಬೆಲೆಯ ಯಂತ್ರ ಅವರಲ್ಲಿರಲಿಲ್ಲ. ಇಲ್ಲದಿದ್ದುದೇ ನನಗೆ ಲಾಭವಾಯಿತು. ಯಂತ್ರವಿದ್ದಿದ್ದರೆ ಅದರ ಪರದೆಯ ಮೇಲೆ ಅಂಕಿಯೊಂದು ಮೂಡುತ್ತಿತ್ತು, ಅವರು ಬರೆದುಕೊಳ್ಳುತ್ತಿದ್ದರು, ನಾನು ಮನೆಗೆ ಬರುತ್ತಿದ್ದೆ. ದಾರ ಮತ್ತು ಗುಂಡು ಇದ್ದುದರಿಂದ ಅಳತೆ ಎಂದರೇನು ಎಂಬುದೇ ಕಣ್ಣೆದುರಿಗೆ ಬಿಚ್ಚಿಕೊಂಡಿತು.

ಅಳೆಯತಕ್ಕ ಕೋನಗಳು ಮುಖ್ಯವಾಗಿ ಮೂರು. ಕಾರನ್ನು ಎದುರಿನಿಂದ ನೋಡಿದಾಗ ಚಕ್ರದ ತಲೆ ಒಳಕ್ಕೆ ವಾಲಿದೆಯೋ ಹೊರಕ್ಕೆ ವಾಲಿದೆಯೋ ಎಂಬುದು ಕ್ಯಾಂಬರ್. ಮೇಲಿನಿಂದ ನೋಡಿದಾಗ ಚಕ್ರಗಳ ಮೂಗು ಒಳಮುಖವೋ ಹೊರಮುಖವೋ ಎಂಬುದು ಟೋ. ಚಕ್ರವು ಯಾವ ಅಚ್ಚಿನ ಸುತ್ತ ತಿರುಗುತ್ತದೋ ಆ ಅಚ್ಚು, ಸೈಕಲ್ಲಿನ ಮುಂದಿನ ಕವಲಿನಂತೆ, ಹಿಂದಕ್ಕೆ ಎಷ್ಟು ಒರಗಿದೆ ಎಂಬುದು ಕ್ಯಾಸ್ಟರ್. ಇವೆಲ್ಲ ಸಣ್ಣ ಸಣ್ಣ ಅಳತೆಗಳು. ಚಕ್ರದ ರಿಮ್ಮಿನ ಅಡ್ಡಳತೆ 350 ಮಿಲಿಮೀಟರ್ ಎಂದಿಟ್ಟುಕೊಂಡರೆ, ಒಂದು ಡಿಗ್ರಿ ಎಂದರೆ ತೂಗುಗುಂಡಿನ ದಾರದಿಂದ ರಿಮ್ಮಿನ ಮೇಲಂಚಿಗೂ ಕೆಳಂಚಿಗೂ ಇರುವ ದೂರಗಳಲ್ಲಿ ಸುಮಾರು 6 ಮಿಲಿಮೀಟರ್ ವ್ಯತ್ಯಾಸ. ರಿಮ್ಮಿನ ಮುಂದಂಚಿಗೂ ಹಿಂದಂಚಿಗೂ ಟೋ ಒಂದೇ ಒಂದು ಮಿಲಿಮೀಟರ್ ಹೆಚ್ಚು ಕಡಿಮೆಯಾದರೆ, ಆ ಚಕ್ರವನ್ನು ಪ್ರತಿ ಕಿಲೋಮೀಟರಿಗೂ ಸುಮಾರು ಮೂರು ಮೀಟರ್ ಪಕ್ಕಕ್ಕೆ ಎಳೆದಷ್ಟು ಉಜ್ಜಾಟ. ಟಯರು ಸವೆಯುತ್ತದೆ ಎಂಬುದು ಚಿಕ್ಕ ಮಾತು. ವೇಗದಲ್ಲಿ ತಿರುವಿಗೆ ನುಗ್ಗಿದಾಗ ಗಾಡಿ ತಾನು ಹೇಳಿದ ಕಡೆಗೆ ಹೋಗುತ್ತದೆ ಎಂದು ಒಳಗೆ ಕುಳಿತವನು ನಂಬಿರುತ್ತಾನೆ. ಅವನ ನಂಬಿಕೆಯ ಒಂದು ತುದಿ ಆ ದಾರಕ್ಕೆ ಕಟ್ಟಿದೆ.

ಕೆಲಸ ಶುರುವಾಗುವುದು ನೆಲದಿಂದ. ಎರಡು ಚಕ್ರಗಳ ನಡುವೆ 1200 ಮಿಲಿಮೀಟರ್ ಅಂತರವಿದ್ದು, ಒಂದು ಕಡೆ ನೆಲ 10 ಮಿಲಿಮೀಟರ್ ತಗ್ಗಿದ್ದರೆ, ಗಾಡಿಯೆಲ್ಲ ಅರ್ಧ ಡಿಗ್ರಿ ವಾಲಿ ನಿಲ್ಲುತ್ತದೆ. ಆಗ ಎಡಚಕ್ರದ ಲೆಕ್ಕಕ್ಕೆ ಅರ್ಧ ಡಿಗ್ರಿ ಕೂಡುತ್ತದೆ, ಬಲಚಕ್ರದ ಲೆಕ್ಕದಲ್ಲಿ ಅರ್ಧ ಡಿಗ್ರಿ ಕಳೆಯುತ್ತದೆ. ನೆಲದ ತಪ್ಪು ಚಕ್ರಗಳ ತಪ್ಪಾಗಿ ಕಾಣುತ್ತದೆ. ಅದೂ ಒಂದರದು ಗುಣವಾಗಿ, ಇನ್ನೊಂದರದು ದೋಷವಾಗಿ. ಸಮಾಜದಲ್ಲಿ ಇದನ್ನು ನಾವು ಕಾಣದವರೇನಲ್ಲ. ಆದ್ದರಿಂದ ವಿದ್ಯಾರ್ಥಿಗಳು ಪಾರದರ್ಶಕ ಕೊಳವೆಯೊಂದರಲ್ಲಿ ನೀರು ತುಂಬಿ, ಗಾರೆ ಕೆಲಸದವರು ಮಾಡುವ ಹಾಗೆಯೇ, ನಾಲ್ಕು ಚಕ್ರಗಳ ಜಾಗವನ್ನೂ ಒಂದೇ ಮಟ್ಟಕ್ಕೆ ತರುತ್ತಿದ್ದರು. ತಗ್ಗಿದ್ದ ಕಡೆ ತೆಳ್ಳನೆಯ ಹಲಗೆ ಬಿಲ್ಲೆಗಳನ್ನು ಇಡುತ್ತಿದ್ದರು. ನೀರಿಗೆ ಪಕ್ಷಪಾತವಿಲ್ಲ.

ಆಮೇಲೆ ರಸಮಟ್ಟ. ಮಟ್ಟದ ಮೇಲೆಯೂ ಸಂಶಯವೇ. ಪೇಟೆಯಲ್ಲಿ ಕೊಂಡ ಅಗ್ಗದ ರಸಮಟ್ಟ ಸರಿಯಾಗಿದೆ ಎಂದು ನಂಬುವುದು ಹೇಗೆ? ಇನ್ನೂ ಒಳ್ಳೆಯ ಮಟ್ಟವನ್ನು ತಂದು ಹೋಲಿಸಬಹುದು. ಆದರೆ ಆ ಒಳ್ಳೆಯ ಮಟ್ಟ ಸರಿಯಾಗಿದೆ ಎಂದು ಹೇಳಿದವರಾರು? ಹೀಗೆ ಕೇಳುತ್ತ ಹೋದರೆ ಈ ಸರಪಳಿಗೆ ಕೊನೆಯಿಲ್ಲ. ತತ್ತ್ವಶಾಸ್ತ್ರದ ವಿದ್ಯಾರ್ಥಿಗಳು ಇದನ್ನು ಅನವಸ್ಥಾ ದೋಷ ಎನ್ನುತ್ತಾರೆ. ಕಸುಬಿನವನು ಇದಕ್ಕೆ ಕಂಡುಕೊಂಡಿರುವ ಪರಿಹಾರವಾದರೋ ತೀರ ಸರಳ. ಮಟ್ಟವನ್ನು ಒಂದು ಕಡೆ ಇಟ್ಟು ಗುಳ್ಳೆ ಎಲ್ಲಿ ನಿಂತಿತೆಂದು ನೋಡುತ್ತಾನೆ. ಅದೇ ಜಾಗದಲ್ಲಿ ಮಟ್ಟವನ್ನು ತಲೆಕಡೆ ಬಾಲಕಡೆ ತಿರುಗಿಸಿಟ್ಟು ಮತ್ತೆ ನೋಡುತ್ತಾನೆ. ಜಾಗ ವಾಲಿದ್ದರೆ, ತಿರುಗಿಸಿದ ಮೇಲೆಯೂ ಗುಳ್ಳೆ ಕೋಣೆಯ ಅದೇ ಗೋಡೆಯ ಕಡೆಗೆ ಹೋಗುತ್ತದೆ. ಮಟ್ಟವೇ ಡೊಂಕಾಗಿದ್ದರೆ ಗುಳ್ಳೆ ಮಟ್ಟದೊಂದಿಗೆ ತಾನೂ ತಿರುಗಿ ಎದುರು ಗೋಡೆಯ ಕಡೆಗೆ ಹೋಗುತ್ತದೆ. ಎರಡೂ ಬೆರೆತಿದ್ದರೆ ಎರಡು ಓದಿಕೆಗಳ ಸರಾಸರಿಯೇ ನಿಜವಾದ ಇಳಿಜಾರು; ಅವುಗಳ ವ್ಯತ್ಯಾಸದ ಅರ್ಧವೇ ಮಟ್ಟದ ಸ್ವಂತ ಡೊಂಕು. ಇದಕ್ಕಿಂತ ಒಳ್ಳೆಯ ಉಪಕರಣ ಬೇಕಾಗಲಿಲ್ಲ. ಹೊರಗಿನ ಅಧಿಕಾರಿ ಬರಬೇಕಾಗಲಿಲ್ಲ. ಡೊಂಕು ಮಟ್ಟದಿಂದಲೇ ಸರಿಯಾದ ಸಮತಲ ಸಿಕ್ಕಿತು.

ಇದನ್ನು ಮೊದಲ ಬಾರಿಗೆ ನೋಡಿದಾಗ ನನಗಾದ ಸಂತೋಷವನ್ನು ಹೇಳಲಾರೆ. ಏಕೆಂದರೆ ನಮ್ಮ ಕಾಲದ ಒಂದು ದೊಡ್ಡ ಸೋಮಾರಿತನಕ್ಕೆ ಇಲ್ಲಿ ಉತ್ತರವಿದೆ. ‘ಎಲ್ಲರೂ ಅವರವರ ಜಾತಿ, ಹುಟ್ಟು, ಓದು, ಹೊಟ್ಟೆಪಾಡು ಇವುಗಳಿಂದ ವಾಲಿದವರೇ, ಪಕ್ಷಪಾತವಿಲ್ಲದ ಕಣ್ಣು ಎಲ್ಲಿಯೂ ಇಲ್ಲ, ಆದ್ದರಿಂದ ನ್ಯಾಯ ಅನ್ಯಾಯದ ಮಾತೆಲ್ಲ ಬರಿಯ ಮಾತು’ ಎಂದು ಜಾಣರು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಮೊದಲ ಎರಡು ವಾಕ್ಯಗಳು ಸತ್ಯವೇ ಇರಬಹುದು. ಮೂರನೆಯದು ಅವುಗಳಿಂದ ಹೊರಡುವುದಿಲ್ಲ. ದೋಷವಿಲ್ಲದ ಮಟ್ಟ ಎಲ್ಲಿಯೂ ಇಲ್ಲ, ಆದರೂ ಸಮತಲವೆಂಬುದು ಇದೆ. ಅದನ್ನು ದೋಷವಿರುವ ಮಟ್ಟದಿಂದಲೇ ಕಂಡುಹಿಡಿಯಬಹುದು. ಬೇಕಾದದ್ದು ಒಂದೇ: ತಿರುಗಿಸಿಟ್ಟು ಇನ್ನೊಮ್ಮೆ ನೋಡುವ ಶ್ರಮ. ನನ್ನ ಮಿತ್ರನ ಒಂದು ಕೆಲಸವನ್ನು ನಾನು ‘ಪಾಪ, ಅವಸರದಲ್ಲಿ ಹಾಗಾಯಿತು’ ಎಂದು ಕ್ಷಮಿಸಿದೆನೆನ್ನಿ. ಅದೇ ಕೆಲಸವನ್ನು ನನಗಾಗದವನು ಮಾಡಿದ್ದರೆ ಏನೆನ್ನುತ್ತಿದ್ದೆ ಎಂದು ಕೇಳಿಕೊಳ್ಳುವುದೇ ಮಟ್ಟವನ್ನು ತಿರುಗಿಸುವುದು. ಎರಡು ತೀರ್ಪುಗಳ ನಡುವೆ ಎಷ್ಟು ಅಂತರ ಬಂದಿತೋ ಅದರಲ್ಲಿ ಪಾಲು ನನ್ನದು, ಕೆಲಸದ್ದಲ್ಲ.

ಇಬ್ಬರು ಒಪ್ಪಿದರೆ ಸಾಲದೆ ಎಂದು ಕೇಳಬಹುದು. ಸಾಲದು. ಇದನ್ನು ತೋರಿಸಿಕೊಟ್ಟವರಲ್ಲಿ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಒಬ್ಬ. ನಿಜವಾಗಿ ಚಪ್ಪಟೆಯಾದ ಲೋಹದ ಫಲಕಗಳನ್ನು ಮಾಡುವ ಬಗೆಯನ್ನು ಆತ 1840ರಲ್ಲಿ ಗ್ಲಾಸ್ಗೋ ನಗರದಲ್ಲಿ ಸೇರಿದ್ದ ವಿಜ್ಞಾನಿಗಳ ಸಭೆಯ ಮುಂದೆ ವಿವರಿಸಿದ. ಎರಡು ಫಲಕಗಳನ್ನು ಒಂದಕ್ಕೊಂದು ಹೊಂದುವ ಹಾಗೆ ಹೆರೆಯುತ್ತ ಹೋದರೆ, ಒಂದು ಉಬ್ಬಿ ಇನ್ನೊಂದು ತಗ್ಗಾಗಿ ಎರಡೂ ಚೆನ್ನಾಗಿ ಕೂಡಿಕೊಂಡುಬಿಡಬಹುದು. ಗಂಡ ಹೆಂಡಿರು, ಗುರು ಶಿಷ್ಯರು, ಪಕ್ಷ ಮತ್ತು ಅದರ ಪತ್ರಿಕೆ ಹೀಗೆ ಕೂಡಿಕೊಳ್ಳುವುದನ್ನು ನೋಡಿದ್ದೇವೆ. ಮೂರನೆಯ ಫಲಕವೊಂದನ್ನು ತಂದು, ಮೂರರಲ್ಲಿ ಯಾವ ಎರಡನ್ನು ಇಟ್ಟರೂ ಎಲ್ಲ ಕಡೆಯೂ ಹೊಂದುವಂತೆ ಮಾಡಿದರೆ ಆಗ ಮಾತ್ರ ಮೂರೂ ಚಪ್ಪಟೆ. ಒಪ್ಪಿಗೆಯೇ ಸತ್ಯವಲ್ಲ, ನಮ್ಮ ಉಬ್ಬಿಗೆ ತಕ್ಕ ತಗ್ಗಿಲ್ಲದ ಮೂರನೆಯವನ ಒಪ್ಪಿಗೆಯೂ ಬೇಕು.

ಇಷ್ಟಾದರೂ ಒಂದು ತೊಡಕು ಉಳಿಯುತ್ತದೆ. ಟೋ ಅಳೆಯಬೇಕಾದರೆ ಕಾರಿನ ಎರಡು ಪಕ್ಕಗಳಲ್ಲಿಯೂ ಉದ್ದಕ್ಕೆ ದಾರ ಕಟ್ಟುತ್ತಾರೆ. ಎರಡು ದಾರಗಳೂ ಒಂದಕ್ಕೊಂದು ಸಮಾನಾಂತರವಾಗಿರಬೇಕು. ಕಾರಿನ ನಡುಗೆರೆಗೂ ಸಮಾನಾಂತರವಾಗಿರಬೇಕು. ಆದರೆ ನಡುಗೆರೆ ಎನ್ನುವುದು ಎಲ್ಲಿದೆ? ಚಕ್ರಗಳ ಗುಂಬಗಳಿಂದ ದಾರಕ್ಕೆ ಎಡಬಲದಲ್ಲಿ ಸಮದೂರ ಹಿಡಿದು ಕಟ್ಟುವುದು ರೂಢಿ. ಆದರೆ ಒಂದು ಗುಂಬವೇ ಎಂದೋ ಪೆಟ್ಟು ತಿಂದು ಒಳಕ್ಕೆ ಸರಿದಿದ್ದರೆ, ನಾವು ಆ ಊನಕ್ಕೆ ಸಮನಾಗಿ ದಾರ ಕಟ್ಟಿ, ಉಳಿದ ಮೂರು ಒಳ್ಳೆಯ ಚಕ್ರಗಳನ್ನು ತಪ್ಪಿತಸ್ಥರೆಂದು ತೀರ್ಮಾನಿಸುತ್ತೇವೆ. ಆದ್ದರಿಂದ ಚೌಕಟ್ಟಿನ ಮೇಲೆಯೇ ಗುರುತುಗಳನ್ನು ಮಾಡಿಕೊಂಡು ಅವುಗಳಿಂದ ಅಳೆಯುವವರಿದ್ದಾರೆ. ಯಾವುದನ್ನು ಆಧಾರವೆಂದು ಇಟ್ಟುಕೊಳ್ಳಬೇಕು ಎಂಬುದನ್ನು ಅಳತೆ ಹೇಳುವುದಿಲ್ಲ, ಮನುಷ್ಯ ಆರಿಸಬೇಕು. ಆದರೆ ಇಲ್ಲಿಯೂ ಒಂದು ಧರ್ಮವಿದೆ. ಆಧಾರವನ್ನು ಅಳತೆಗೆ ಮೊದಲು ಆರಿಸಬೇಕು. ಅಂಕಿ ಬಂದ ಮೇಲೆ ಬದಲಾಯಿಸಬಾರದು. ತನಗೆ ಬೇಕಾದ ಫಲ ಬರುವ ತನಕ ಒಮ್ಮೆ ಶಾಸ್ತ್ರ, ಒಮ್ಮೆ ರೂಢಿ, ಒಮ್ಮೆ ಕಾನೂನು ಎಂದು ದಾರವನ್ನು ಅಲ್ಲಿಂದಿಲ್ಲಿಗೆ ಕಟ್ಟುವವನು ಏನನ್ನೂ ಅಳೆಯುತ್ತಿಲ್ಲ.

ನಾನು ನೋಡಿದ ಒಂದು ಸಂಜೆಯ ಸಂಗತಿಯನ್ನು ಹೇಳಬೇಕು. ಮುಂದಿನ ಎರಡು ಚಕ್ರಗಳೂ ಒಳಕ್ಕೆ 2 ಡಿಗ್ರಿ ವಾಲಿರಬೇಕೆಂದು ಅವರ ಉದ್ದೇಶ. ಎಡಚಕ್ರ ಸರಿಯಾಗಿ ಬಂದಿತು. ಬಲಚಕ್ರ ಮೊದಲ ಸಲ 1.6 ಬಂದಿತು. ಗಾಡಿಯನ್ನು ಸ್ವಲ್ಪ ಹಿಂದೆ ಮುಂದೆ ಉರುಳಿಸಿ ಅಳೆದರು, 1.5 ಬಂದಿತು. ಇನ್ನೊಮ್ಮೆ ಉರುಳಿಸಿ ಅಳೆದರು, 1.9. ರಾತ್ರಿ ಹತ್ತು ದಾಟಿತ್ತು. ಬೆಳಿಗ್ಗೆ ಗಾಡಿ ಲಾರಿ ಹತ್ತಬೇಕು.

“ಬಂತಲ್ಲ, 1.9. ಅದನ್ನೇ ಬರಿ, ಸಾಕು” ಎಂದ ಒಬ್ಬ.

ಪುಸ್ತಕ ಹಿಡಿದಿದ್ದ ಹುಡುಗಿ ಬರೆಯಲಿಲ್ಲ. “ಮೂರನ್ನೂ ಬರೀತೀನಿ. ಮೂರನೇದು ಸರಿ ಅನ್ನೋದಕ್ಕೆ, ಅದು ನಮಗೆ ಬೇಕಾಗಿತ್ತು ಅನ್ನೋದು ಬಿಟ್ಟರೆ ಬೇರೆ ಏನು ಕಾರಣ ಇದೆಯೋ?” ಎಂದಳು.

ಯಾರೂ ಉತ್ತರ ಹೇಳಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಅದುವರೆಗೆ ಸುಮ್ಮನಿದ್ದ ಇನ್ನೊಬ್ಬ ಚಕ್ರವನ್ನು ಎತ್ತಿ, ರಿಮ್ಮಿನ ಅಂಚಿಗೆ ಒಂದು ಕಡ್ಡಿಯನ್ನು ಹಿಡಿದು ಮೆಲ್ಲನೆ ತಿರುಗಿಸಿದ. ಕಡ್ಡಿ ಒಂದು ಕಡೆ ತಾಗಿತು, ಒಂದು ಕಡೆ ಬಿಟ್ಟಿತು. ರಿಮ್ಮು ಬಗ್ಗಿತ್ತು. ಉರುಳಿಸಿದ ಹಾಗೆಲ್ಲ ರಿಮ್ಮಿನ ಬೇರೆ ಬೇರೆ ಭಾಗ ಮೇಲೆ ಬಂದು ಅಂಕಿ ಬದಲಾಗುತ್ತಿತ್ತು. ಚಕ್ರವನ್ನು ಒಂದು ಸ್ಥಾನದಲ್ಲಿ ಅಳೆದು, ಸರಿಯಾಗಿ ಅರ್ಧ ಸುತ್ತು ತಿರುಗಿಸಿ ಇನ್ನೊಮ್ಮೆ ಅಳೆದು ಸರಾಸರಿ ಹಿಡಿದರು, 1.7 ಬಂದಿತು. ರಸಮಟ್ಟಕ್ಕೆ ಮಾಡಿದ ಉಪಚಾರವನ್ನೇ ರಿಮ್ಮಿಗೂ ಮಾಡಿದಂತಾಯಿತು. ತೆಳುವಾದ ಲೋಹದ ಬಿಲ್ಲೆಯೊಂದನ್ನು ಬದಲಾಯಿಸಿ 2ಕ್ಕೆ ತಂದು, ರಿಮ್ಮನ್ನೂ ಬೇರೆ ಹಾಕಿ, ಮತ್ತೆ ಮೊದಲಿನಿಂದ ಎಲ್ಲವನ್ನೂ ಅಳೆಯುವ ಹೊತ್ತಿಗೆ ಒಂದು ಗಂಟೆಯಾಗಿತ್ತು. ಬಗ್ಗಿದ ರಿಮ್ಮಿನೊಂದಿಗೆ ಓಡಿದ್ದರೆ ಏನಾಗುತ್ತಿತ್ತು? ಬಹುಶಃ ಏನೂ ಆಗುತ್ತಿರಲಿಲ್ಲ. ಆ ‘ಬಹುಶಃ’ವನ್ನು ಗಾಡಿಯಲ್ಲಿ ಕೂರುವ ಹುಡುಗನನ್ನು ಕೇಳದೆ ಅವನ ಪರವಾಗಿ ಒಪ್ಪಿಕೊಳ್ಳುವ ಹಕ್ಕು ಹೊರಗೆ ನಿಂತವರಿಗೆ ಇತ್ತೆ ಎಂಬುದೇ ಪ್ರಶ್ನೆ.

ಇಲ್ಲಿ ಎರಡು ಬಗೆಯ ಡೊಂಕುಗಳನ್ನು ಬೇರೆ ಮಾಡಿ ನೋಡಬೇಕು. ರಸಮಟ್ಟದ ಡೊಂಕು ಸ್ಥಿರವಾದದ್ದು; ಯಾವಾಗಲೂ ಒಂದೇ ಕಡೆಗೆ, ಒಂದೇ ಅಳತೆಯಷ್ಟು. ಹಾಗಿರುವುದರಿಂದಲೇ ತಿರುಗಿಸಿಟ್ಟರೆ ವಜಾ ಆಗುತ್ತದೆ. ಹುಟ್ಟಿನಿಂದ ಬಂದ ಪೂರ್ವಗ್ರಹಗಳು ಬಹುಮಟ್ಟಿಗೆ ಈ ಜಾತಿಯವು. ಅವನ್ನು ತಿಳಿದುಕೊಂಡು ಕಳೆಯಬಹುದು. ಆದರೆ ‘1.9 ಬಂತಲ್ಲ, ಸಾಕು’ ಎಂಬುದು ಬೇರೆ ಜಾತಿಯ ಡೊಂಕು. ಅದು ಆಸೆಯೊಂದಿಗೆ ಓಡಾಡುತ್ತದೆ. ಬೇಡವಾದ ಅಂಕಿ ಬಂದಾಗ ‘ಮತ್ತೊಮ್ಮೆ ಅಳೆ’ ಎನ್ನುತ್ತದೆ. ಬೇಕಾದದ್ದು ಬಂದೊಡನೆ ‘ನಿಲ್ಲಿಸು’ ಎನ್ನುತ್ತದೆ. ಒಂದೊಂದು ಅಳತೆಯೂ ಪ್ರಾಮಾಣಿಕವಾದದ್ದೇ. ನಿಲ್ಲಿಸಿದ ಜಾಗ ಮಾತ್ರ ಅಪ್ರಾಮಾಣಿಕ. ಇದನ್ನು ಯಾವ ಕಡೆಗೆ ತಿರುಗಿಸಿಟ್ಟರೂ ವಜಾ ಆಗದು. ಇದಕ್ಕೆ ಮದ್ದು ಒಂದೇ: ಮೂರನ್ನೂ ಬರೆಯುವುದು.

ದೊಡ್ಡವರೂ ಇದಕ್ಕೆ ಹೊರತಲ್ಲ. ಎಲೆಕ್ಟ್ರಾನಿನ ವಿದ್ಯುದಂಶವನ್ನು ಎಣ್ಣೆಯ ಹನಿಗಳಿಂದ ಅಳೆದ ಮಿಲಿಕನ್ 1913ರಲ್ಲಿ ಪ್ರಕಟಿಸಿದ ಅಂಕಿ, ಗಾಳಿಯ ಜಿಗುಟಿನ ಪ್ರಮಾಣವನ್ನು ತಪ್ಪಾಗಿ ಹಿಡಿದದ್ದರಿಂದ, ಸ್ವಲ್ಪ ಕಡಿಮೆಯಾಗಿತ್ತು. ಆತನ ನಂತರ ಅಳೆದವರು ಸರಿಯಾದ ಅಂಕಿಯನ್ನು ಒಂದೇ ಸಲಕ್ಕೆ ಮುಟ್ಟಲಿಲ್ಲ. ಅಂಗುಲ ಅಂಗುಲವಾಗಿ ಸರಿಯುತ್ತ ಹೋದರು. ರಿಚರ್ಡ್ ಫೈನ್‌ಮನ್ 1974ರಲ್ಲಿ ಕ್ಯಾಲಿಫೋರ್ನಿಯಾದ ವಿದ್ಯಾರ್ಥಿಗಳ ಮುಂದೆ ಮಾತನಾಡುತ್ತ ಇದಕ್ಕೆ ಕಾರಣ ಹೇಳಿದರು. ತಮ್ಮ ಅಂಕಿ ಮಿಲಿಕನ್ನನ ಅಂಕಿಗಿಂತ ಬಹಳ ದೂರ ಹೋದಾಗ ತಪ್ಪೆಲ್ಲಿದೆ ಎಂದು ಅವರು ಹುಡುಕಿದರು. ಹತ್ತಿರ ಬಂದಾಗ ಅಷ್ಟಾಗಿ ಹುಡುಕಲಿಲ್ಲ. ಯಾರೂ ಸುಳ್ಳು ಹೇಳಲಿಲ್ಲ. ಆದರೂ ಸತ್ಯ ತಡವಾಗಿ ಬಂದಿತು.

ಇದಕ್ಕೆ ಎದುರಾಗಿ ಕೆಪ್ಲರನ ಉದಾಹರಣೆಯಿದೆ. ಮಂಗಳ ಗ್ರಹದ ದಾರಿಯನ್ನು ಲೆಕ್ಕ ಹಾಕುತ್ತ ಆತ ವರ್ಷಗಳ ಶ್ರಮದಿಂದ ಒಂದು ವೃತ್ತದ ಪದ್ಧತಿಯನ್ನು ಕಟ್ಟಿದ್ದ. ಅದು ಟೈಕೋ ಬ್ರಾಹೆಯ ಅಳತೆಗಳಿಗೆ ಹೆಚ್ಚು ಕಡಿಮೆ ಹೊಂದಿತು. ಆದರೆ ಕೆಲವೆಡೆ 8 ಕಲೆಗಳಷ್ಟು ತಪ್ಪಿತು. ಕಲೆ ಎಂದರೆ ಡಿಗ್ರಿಯ ಅರವತ್ತನೆಯ ಒಂದು ಪಾಲು. ಟೈಕೋ 1601ರಲ್ಲಿ ತೀರಿಕೊಂಡವನು. ದೂರದರ್ಶಕ ಬರುವ ಮೊದಲೇ ಬರಿಗಣ್ಣಿನಿಂದ, ದೊಡ್ಡ ದೊಡ್ಡ ಕೋನಮಾಪಕಗಳಿಂದ ಅಳೆದವನು. ಬರಿಗಣ್ಣಿನ ಅಳತೆ, ಎಂಟು ಕಲೆ ತಾನೆ ಎಂದು ಕೆಪ್ಲರ್ ತಳ್ಳಿಹಾಕಬಹುದಾಗಿತ್ತು. ಟೈಕೋ ಎಷ್ಟು ಜಾಗರೂಕನೆಂದು ಅವನಿಗೆ ತಿಳಿದಿತ್ತು; ತಳ್ಳಿಹಾಕಲಿಲ್ಲ. ತನ್ನ ಪದ್ಧತಿಯನ್ನೇ ಕೈಬಿಟ್ಟ. 1609ರಲ್ಲಿ ಪ್ರಕಟವಾದ ಗ್ರಂಥದಲ್ಲಿ ಗ್ರಹದ ದಾರಿ ದೀರ್ಘವೃತ್ತವೆಂದು ಸಾರಿದ. ಆ ಎಂಟು ಕಲೆಗಳನ್ನು ನಮ್ಮ 350 ಮಿಲಿಮೀಟರಿನ ರಿಮ್ಮಿಗೆ ಲೆಕ್ಕ ಹಾಕಿ ನೋಡಿದೆ. ಒಂದು ಮಿಲಿಮೀಟರಿಗೂ ಕಡಿಮೆ: 0.8. ದಾರ ಮತ್ತು ಸ್ಕೇಲು ಹಿಡಿದವರು ರಾತ್ರಿ ಹತ್ತರ ಮೇಲೆ ‘ಹೋಗಲಿ ಬಿಡು’ ಎನ್ನುವುದು ಸರಿಯಾಗಿ ಇಷ್ಟಕ್ಕೇ.

ಹಾಗಾದರೆ ಅಳೆಯುವುದಕ್ಕೆ ಕೊನೆಯೇ ಇಲ್ಲವೆ? ಇದೆ; ಇರಬೇಕು. ಸ್ಕೇಲಿನ ಮೇಲೆ ಕಣ್ಣು ಅರ್ಧ ಮಿಲಿಮೀಟರ್ ಗುರುತಿಸಬಲ್ಲದು. ಅದು ಸುಮಾರು ಐದು ಕಲೆ. ಅದಕ್ಕಿಂತ ಸೂಕ್ಷ್ಮವಾದ ಅಂಕಿ ಬರೆದರೆ ಅದೂ ಸುಳ್ಳೇ. ಪಂದ್ಯದ ಬಾವುಟ ಯಾರಿಗಾಗಿಯೂ ಕಾಯುವುದಿಲ್ಲ. ಎಷ್ಟು ತಿಳಿಯಿತು, ಎಲ್ಲಿಯವರೆಗೆ ತಿಳಿಯಿತು ಎಂಬುದನ್ನು ಬರೆದು ನಿಲ್ಲಿಸುವುದು ಸೋಲಲ್ಲ. ಎಲ್ಲಿ ನಿಲ್ಲಬೇಕೆಂಬುದನ್ನು ಕಣ್ಣಿನ ಶಕ್ತಿ ಹೇಳಬೇಕು, ಕೈಯ ಆಯಾಸವಲ್ಲ, ಮನಸ್ಸಿನ ಆಸೆಯಲ್ಲ.

ಯಂತ್ರಗಳ ಮೇಲೆ ನನಗೆ ಹಗೆಯಿಲ್ಲ. ಕ್ಯಾಮೆರಾಗಳಿಂದ ಅಳೆಯುವ ಯಂತ್ರ ಈಗ ಊರೂರಿನ ಟಯರು ಅಂಗಡಿಯಲ್ಲಿದೆ. ಅದು ಬೇಗ ಅಳೆಯುತ್ತದೆ, ಚೆನ್ನಾಗಿಯೂ ಅಳೆಯುತ್ತದೆ. ಬಡತನದ ಉಪಕರಣವೇ ಪವಿತ್ರ ಎಂಬ ಮಾತನ್ನು ಉಪಕರಣವಿಲ್ಲದೆ ಕಷ್ಟಪಟ್ಟವರು ಒಪ್ಪುವುದಿಲ್ಲ. ಆದರೆ ಆ ಯಂತ್ರವೂ ಒಂದು ನೆಲದ ಮೇಲೆ ನಿಂತಿದೆ. ಅದನ್ನೂ ಕಾಲಕಾಲಕ್ಕೆ ಯಾರೋ ಪರೀಕ್ಷಿಸಬೇಕು. ಪರದೆಯ ಮೇಲಿನ ಅಂಕಿ ತನ್ನ ಸಂಶಯವನ್ನು ಮುಚ್ಚಿಟ್ಟುಕೊಂಡು ಬರುತ್ತದೆ; ದಾರ ತನ್ನ ಸಂಶಯವನ್ನು ಗಾಳಿಗೆ ಅಲುಗಾಡುತ್ತಲೇ ತೋರಿಸುತ್ತದೆ. ವ್ಯತ್ಯಾಸ ಇಷ್ಟೇ.

ಕೊನೆಯದಾಗಿ ಒಂದು ಮಾತು. ಪಂದ್ಯದ ಕಾರಿನ ಚಕ್ರಗಳು ನಿಂತಾಗ ನೆಟ್ಟಗಿರುವುದಿಲ್ಲ ಎಂಬುದನ್ನು ಗಮನಿಸಿದಿರಷ್ಟೆ? ಅವು ಬೇಕೆಂದೇ ಒಳಕ್ಕೆ ವಾಲಿರುತ್ತವೆ. ತಿರುವಿನಲ್ಲಿ ಗಾಡಿಯ ಮೈ ಹೊರಕ್ಕೆ ತೂಗಿ, ಭಾರವೆಲ್ಲ ಹೊರಗಿನ ಚಕ್ರದ ಮೇಲೆ ಬಿದ್ದಾಗ, ಆ ಚಕ್ರ ನೆಟ್ಟಗಾಗುತ್ತ ಬರುತ್ತದೆ. ಇಂಗ್ಲೆಂಡಿನ ಹಳೆಯ ಬಂಡಿಯ ಬಡಗಿಗಳೂ ಚಕ್ರವನ್ನು ತಟ್ಟೆಯಂತೆ ಹಳ್ಳ ಮಾಡಿ, ಅಚ್ಚಿನ ತುದಿಯನ್ನು ಕೆಳಕ್ಕೆ ಬಾಗಿಸಿ, ಭಾರ ಹೊರುವ ಕೆಳಗಿನ ಅರೆಕಾಲು ಮಾತ್ರ ಲಂಬವಾಗಿ ನಿಲ್ಲುವಂತೆ ಮಾಡುತ್ತಿದ್ದರು. ಆದ್ದರಿಂದಲೇ ಅಳೆಯುವಾಗ ಸೀಟಿನಲ್ಲಿ ಚಾಲಕನನ್ನು ಕೂರಿಸುತ್ತಾರೆ, ಇಲ್ಲವೆ ಅವನಷ್ಟೇ ತೂಕದ ಮೂಟೆ ಇಡುತ್ತಾರೆ. ಬರಿಯ ಗಾಡಿಯ ಕೋನಕ್ಕೆ ಅರ್ಥವಿಲ್ಲ. ಮನುಷ್ಯರನ್ನಾದರೋ ನಾವು ಬರಿದಾಗಿ ನಿಂತಾಗಲೇ ಅಳೆದುಬಿಡುತ್ತೇವೆ. ಸಭೆಯಲ್ಲಿ ನೆಟ್ಟಗೆ ಕಾಣುವವನನ್ನು ನೆಟ್ಟಗಿನವನೆಂದೂ, ಮಾತಿನಲ್ಲಿ ಒಂದಿಷ್ಟು ಓರೆಯಾದವನನ್ನು ಓರೆಯವನೆಂದೂ ಬರೆದುಕೊಳ್ಳುತ್ತೇವೆ. ಯಾರ ಮೇಲೆ ಯಾವ ಭಾರವಿದೆ, ಆ ಭಾರ ಬಿದ್ದ ತಿರುವಿನಲ್ಲಿ ಯಾರು ನೆಟ್ಟಗಾದರು, ಯಾರು ಹೊರಕ್ಕೆ ಮಗುಚಿಕೊಂಡರು ಎಂಬುದನ್ನು ನೋಡುವ ತಾಳ್ಮೆ ನಮಗಿಲ್ಲ. ಇನ್ನೊಬ್ಬರನ್ನು ಅಳೆಯದೆ ಬದುಕುವುದು ಸಾಧ್ಯವಿಲ್ಲದ ಮಾತು. ಅಳೆಯಲೇಬೇಕಾದರೆ ನೆಲವನ್ನು ನೋಡಿ, ಮಟ್ಟವನ್ನು ತಿರುಗಿಸಿಟ್ಟು, ಭಾರವನ್ನು ಹೊರಿಸಿ ಅಳೆಯೋಣ. ಬಂದ ಅಂಕಿಗಳನ್ನೆಲ್ಲ, ನಮಗೆ ಬೇಡವಾದವನ್ನೂ ಸೇರಿಸಿ, ಬರೆದಿಡೋಣ.